ಉಪ್ಪಿನಕಾಯಿ ಹಾಕುವ ಎರಡು ದಿನ

ಕಾಲೇಜಿನಲ್ಲಿ ಅವರಿಗೆ ಗೀಟು ಮೇಡಂ ಎಂದು ಅಡ್ಡಹೆಸರು. ಎದುರಿಗೆ ಹಾಗೆ ಕರೆಯುವ ಧೈರ್ಯ ಯಾರಿಗೂ ಇರಲಿಲ್ಲ. ಆದರೆ ಮೆಟ್ಟಿಲ ತಿರುವಿನಲ್ಲೋ ಕ್ಯಾಂಟೀನಿನ ಕಿಟಕಿಯಾಚೆಯೋ ಆ ಹೆಸರು ಕಿವಿಗೆ ಬಿದ್ದೇ ಬೀಳುತ್ತಿತ್ತು. ಮೇಡಂ ಅದಕ್ಕೆ ಬೇಜಾರು ಮಾಡಿಕೊಂಡವರಲ್ಲ. ಮಕ್ಕಳು ಬರೆದು ತಂದದ್ದರ ಮೇಲೆ ಕೆಂಪು ಪೆನ್ನಿನಲ್ಲಿ ಗೀಟೆಳೆಯುವುದೇ ಹೊಟ್ಟೆಪಾಡಾದ ಮೇಲೆ ಜನ ಇನ್ನೇನೆಂದು ಕರೆದಾರು?

ಅವರು ಕಲಿಸುತ್ತಿದ್ದದ್ದು ಪ್ರಬಂಧ ಬರೆಯುವುದನ್ನು. ಪಠ್ಯದಲ್ಲಿ ‘ಊಟ, ಸಂಸ್ಕೃತಿ ಮತ್ತು ನಾನು’ ಎಂಬ ಭಾಗವಿತ್ತು. ತಂತಮ್ಮ ಮನೆಯ ಊಟದ ಬಗ್ಗೆ ಪ್ರತಿಯೊಬ್ಬರೂ ಸ್ವಂತ ಅನುಭವದ ಪ್ರಬಂಧವೊಂದನ್ನು ಬರೆದುಕೊಡಬೇಕು. ಈ ಭಾಗವನ್ನು ಪಠ್ಯಕ್ಕೆ ಸೇರಿಸಿದ ಮಹಾಶಯ ಜನ್ಮದಲ್ಲಿ ಒಂದು ಪಾತ್ರೆ ತೊಳೆದಿರಲಾರ ಎಂಬುದು ಮೇಡಂ ಅವರ ಗಟ್ಟಿ ನಂಬಿಕೆ.

ಯಾಕೆಂದರೆ ಬರುತ್ತಿದ್ದದ್ದು ಪ್ರತಿ ವರ್ಷವೂ ಒಂದೇ ಪ್ರಬಂಧ. ಬರೆದವರ ಹೆಸರು ಬೇರೆ, ಅಕ್ಷರ ಬೇರೆ, ಒಳಗಿನ ಹೂರಣ ಅದೇ. ಅಜ್ಜಿಯ ಸುಕ್ಕುಗಟ್ಟಿದ ಕೈಗಳು, ಒಲೆಯ ಬೆಳಕಿನಲ್ಲಿ ಹೊಳೆಯುವ ಅಮ್ಮನ ಮುಖ, ಮನೆಯೆಲ್ಲ ಹರಡುವ ಘಮ. ಕೊನೆಗೆ, ನನ್ನಮ್ಮ ಅಡಿಗೆಗೆ ಪ್ರೀತಿಯನ್ನು ಬೆರೆಸುತ್ತಾಳೆ. ಮೇಡಂ ಆ ಸಾಲಿನ ಪಕ್ಕದಲ್ಲಿ ‘ಎಷ್ಟು ಚಮಚ?’ ಎಂದು ಬರೆದು ಗೀಟೆಳೆಯುತ್ತಿದ್ದರು. ಮುಂದಿನ ಹಾಳೆ ತೆಗೆದರೆ ಅಲ್ಲೂ ಪ್ರೀತಿ. ಕೈ ಸೋತು ಹೋಗುತ್ತಿತ್ತು.

ಅಮ್ಮ ಅಡಿಗೆ ಮಾಡುತ್ತಾಳೆ ಎಂದು ಬರೆದಿದ್ದೀರಲ್ಲ, ಆಮೇಲೆ ಆ ಪಾತ್ರೆಯನ್ನು ತೊಳೆದವರು ಯಾರು ಎಂದು ಒಂದು ಸಲ ತರಗತಿಯಲ್ಲಿ ಕೇಳಿದರು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಂದಿನ ಸಾಲಿನ ಜಾಣನೊಬ್ಬ ಎದ್ದು ನಿಂತ.

“ತೊಳೆಯೋದೆಲ್ಲ ಸಂಸ್ಕೃತಿ ಆಗುತ್ತಾ ಮೇಡಂ?”

“ತೊಳೀದೆ ಬಿಟ್ಟರೆ ನಾಳೆ ನಿನ್ನ ಸಂಸ್ಕೃತಿನ ಯಾವುದರಲ್ಲಪ್ಪ ಬೇಯಿಸ್ತಾರೆ?”

ತರಗತಿ ನಕ್ಕಿತು. ನಕ್ಕು, ಮತ್ತೆ ಅದೇ ಪ್ರೀತಿಯನ್ನೇ ಬೆರೆಸಿಕೊಂಡು ಬಂತು.

ಮನೆಗೆ ಹೋದರೆ ಅಲ್ಲಿಯೂ ಸಂಸ್ಕೃತಿಯೇ ಕಾದು ಕೂತಿರುತ್ತಿತ್ತು. ಮೇಡಂ ಅವರ ಗಂಡ ವಿಮೆ ಕಚೇರಿಯಿಂದ ನಿವೃತ್ತರಾದ ಮೇಲೆ ಅಡಿಗೆಯನ್ನು ಕಲೆಯಾಗಿ ಸ್ವೀಕರಿಸಿದ್ದರು. ದಿನಕ್ಕೊಂದು ಪದಾರ್ಥ, ಒಂದೇ ಒಂದು. ಅದಕ್ಕೆ ಮನೆಯ ಅಷ್ಟೂ ಪಾತ್ರೆ, ಎರಡು ಹಲಗೆ, ಮೂರು ಚಾಕು. ಅನ್ನ, ಬೇಳೆ, ತರಕಾರಿ ಇವೆಲ್ಲ ಕಲೆಯೊಳಗೆ ಬರುವುದಿಲ್ಲವಾದ್ದರಿಂದ ಅವನ್ನು ಮೇಡಂ ಬೆಳಿಗ್ಗೆಯೇ ಮಾಡಿಟ್ಟು ಹೋಗಬೇಕು. ಸಂಜೆ ಅವರು ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಗಂಡ ಚಮಚದೊಂದಿಗೆ ಹಾಜರು. ರುಚಿ ನೋಡು, ಏನು ಹಾಕಿದೀನಿ ಹೇಳು ನೋಡೋಣ. ಮೇಡಂ ರುಚಿ ನೋಡಿ, ಚೆನ್ನಾಗಿದೆ ರೀ ಎಂದು ಹೇಳಿ, ತೋಳು ಮೇಲೇರಿಸಿ ಸಿಂಕಿನ ಹತ್ತಿರ ಹೋಗುತ್ತಿದ್ದರು. ಅದೃಷ್ಟವಂತೆ ಕಣೇ ನೀನು ಎಂದು ನೆರೆಮನೆಯ ಅಕ್ಕ ಹೇಳಿದಾಗಲೆಲ್ಲ ಮೈ ಉರಿದುಹೋಗುತ್ತಿತ್ತು.

ಹೀಗೆ ಎರಡೂ ಕಡೆ ಬೆಂದದ್ದಕ್ಕೋ ಏನೋ, ಈ ವರ್ಷ ಅವರ ತಾಳ್ಮೆ ತಪ್ಪಿತು. ತರಗತಿಯಲ್ಲಿ ಮೇಜು ತಟ್ಟಿ ಹೊಸ ಕಟ್ಟಳೆ ಮಾಡಿದರು. ನಿಮ್ಮ ಮನೆ ಯಾವ ತಿನಿಸಿನ ಬಗ್ಗೆ ಜಂಬ ಕೊಚ್ಚಿಕೊಳ್ಳುತ್ತದೋ ಅದೊಂದನ್ನೇ ಹಿಡಿಯಿರಿ. ಅದು ತಯಾರಾಗುವುದನ್ನು ಮೊದಲಿಂದ ಕೊನೆಯವರೆಗೆ ಕೂತು ನೋಡಿ. ಕಣ್ಣಿಗೆ ಕಂಡದ್ದು, ಕಿವಿಗೆ ಕೇಳಿದ್ದು ಇಷ್ಟನ್ನೇ ಬರೆಯಿರಿ. ನಿಮಗೆ ಏನನ್ನಿಸಿತು ಎಂಬುದು ನನಗೆ ಬೇಡವೇ ಬೇಡ. ಇಷ್ಟಕ್ಕೇ ನಿಲ್ಲಿಸಿದ್ದರೆ ಯಾವ ರಗಳೆಯೂ ಇರುತ್ತಿರಲಿಲ್ಲ. ಆದರೆ ಮೇಡಂ ಇನ್ನೊಂದು ಮಾತು ಸೇರಿಸಿದರು.

“ನೀವು ನೋಡ್ತಿರೋದು ಅವರಿಗೆ ಗೊತ್ತಾಗಬಾರದು. ಗೊತ್ತಾದರೆ ಕೂದಲು ಸರಿಮಾಡ್ಕೊಂಡು, ನಗುನಗುತ್ತಾ ಮಾಡ್ತಾರೆ. ನನಗೆ ಆ ನಗು ಬೇಡ.”

ಹೆಂಗಸರ ದುಡಿಮೆ ಈಗಲಾದರೂ ಕಾಗದದ ಮೇಲೆ ಬಂದೀತು ಎಂದು ಅವರ ಆಸೆ. ಒಂದು ಊರಿನಷ್ಟು ಮಕ್ಕಳನ್ನು ತಾಯಂದಿರ ಬೆನ್ನಹಿಂದೆ ಗೂಢಚಾರರನ್ನಾಗಿ ನಿಲ್ಲಿಸುತ್ತಿದ್ದೇನೆ ಎಂಬುದು ಅವರಿಗೆ ಹೊಳೆಯಲಿಲ್ಲ.

ಹಾಳೆಗಳು ಬಂದವು. ಬಹಳಷ್ಟು ಸಪ್ಪೆ, ಆದರೆ ಹಿಂದಿನ ವರ್ಷಗಳ ಸಕ್ಕರೆಪಾಕದ ಮುಂದೆ ಸಪ್ಪೆಯೂ ಹಿತವಾಗಿತ್ತು. ಒಬ್ಬ ತನ್ನ ತಾಯಿ ನಿಂತೇ ಊಟ ಮಾಡುವುದನ್ನು ಮೊದಲ ಸಲ ಗಮನಿಸಿದ್ದ. ಒಬ್ಬಳು ಈರುಳ್ಳಿ ಹೆಚ್ಚುವುದನ್ನು ಮೂರು ಪುಟ ಬರೆದಿದ್ದಳು. ಮೇಡಂ ಅಧ್ಯಾಪಕರ ಕೊಠಡಿಯಲ್ಲಿ ಚಹಾ ಕುಡಿಯುತ್ತಾ, ಗೀಟೆಳೆಯುತ್ತಾ, ಆಕಳಿಸುತ್ತಾ ಮುಂದೆ ಹೋಗುತ್ತಿದ್ದವರು ಕೊನೆಯ ಬೆಂಚಿನ ಹುಡುಗಿಯ ಹಾಳೆಗೆ ಬಂದು ನಿಂತರು.

ಆ ಹುಡುಗಿ ತರಗತಿಯಲ್ಲಿ ಇದ್ದಾಳೋ ಇಲ್ಲವೋ ಎಂಬಂತೆ ಇರುವವಳು. ಮೊದಲು ಬರೆದ ಪ್ರಬಂಧದಲ್ಲಿ ಅವಳೂ ಬೇಕಾದಷ್ಟು ಪ್ರೀತಿ ಬೆರೆಸಿದ್ದಳು. ಈ ಸಲದ ತಲೆಬರಹ ‘ನಮ್ಮ ಮನೆಯ ಉಪ್ಪಿನಕಾಯಿ’. ಅವರ ಮನೆಯಲ್ಲಿ ಅಜ್ಜಿಯ ಕಾಲದ ದೊಡ್ಡ ಜಾಡಿಯೊಂದಿದೆ, ವರ್ಷಕ್ಕೊಮ್ಮೆ ಅದರಲ್ಲಿ ನಿಂಬೆಹಣ್ಣಿನ ಉಪ್ಪಿನಕಾಯಿ ಹಾಕುತ್ತಾರೆ, ಹಾಕುವುದು ಅಮ್ಮ. ಎರಡು ದಿನದ ಕೆಲಸ. ಆ ಎರಡು ದಿನ ಅಮ್ಮ ಅಡಿಗೆಮನೆಯ ಬಾಗಿಲು ಹಾಕಿಕೊಳ್ಳುತ್ತಾರೆ. ಗಾಳಿ ಆಡಿದರೆ, ಮಾತು ಆಡಿದರೆ, ಒದ್ದೆ ಕೈಯವರು ಒಳಗೆ ಬಂದರೆ ಉಪ್ಪಿನಕಾಯಿ ಕೆಡುತ್ತದೆ. ಅಪ್ಪನ ಅಕ್ಕತಂಗಿಯರೆಲ್ಲ ಆ ಜಾಡಿಯಿಂದ ತುಂಬಿಸಿಕೊಂಡು ಹೋಗುತ್ತಾರೆ. ಇಂಥ ಕೈ ಊರಲ್ಲಿ ಯಾರಿಗೂ ಇಲ್ಲ ಎನ್ನುತ್ತಾರೆ.

ಇಷ್ಟು ಮೊದಲ ಪುಟ. ಎರಡನೆಯ ಪುಟದಲ್ಲಿ ಹುಡುಗಿ ಹಿತ್ತಲಿನ ಬಟ್ಟೆ ಒಗೆಯುವ ಜಾಗದಲ್ಲಿ ಬಕೆಟ್ ಬೋರಲು ಹಾಕಿ, ಅದರ ಮೇಲೆ ನಿಂತು, ಅಡಿಗೆಮನೆಯ ಸಣ್ಣ ಕಿಟಕಿಯಿಂದ ಒಳಗೆ ಇಣುಕಿದ್ದಳು. ಅಮ್ಮ ತರಕಾರಿ ಚೀಲದ ತಳದಿಂದ, ಕೋಸಿನ ಗೆಡ್ಡೆಗಳ ಕೆಳಗಿಂದ, ಅಂಗಡಿ ಉಪ್ಪಿನಕಾಯಿಯ ಬಾಟಲಿಗಳನ್ನು ಒಂದೊಂದಾಗಿ ಹೊರಗೆ ತೆಗೆದರು. ಜಾಡಿಗೆ ಸುರಿದರು. ಖಾಲಿ ಬಾಟಲಿಗಳನ್ನು ಹಳೆಯ ಟವೆಲಿನಲ್ಲಿ ಸುತ್ತಿ ಚೀಲದೊಳಗೆ ಇಟ್ಟರು. ಒಂದು ಹಿಡಿ ಸಾಸಿವೆಯನ್ನು ಬಾಣಲೆಯಲ್ಲಿ ಹುರಿದು, ವಾಸನೆ ಮನೆಗೆಲ್ಲ ಹೋಗುವಂತೆ ಬಾಗಿಲ ಸಂದಿನ ಕಡೆ ಬೀಸಿದರು. ಆಮೇಲೆ ಚಾಪೆ ಹಾಸಿ ಮಲಗಿದರು. ಕಾಲುಗಳನ್ನು ಎತ್ತಿ ಅಕ್ಕಿ ಡಬ್ಬದ ಮೇಲೆ ಇಟ್ಟುಕೊಂಡರು. ಕೈಗೆ ಎಟುಕುವಂತೆ ಒಂದು ಉದ್ದ ಸೌಟು, ಪಕ್ಕದಲ್ಲಿ ಒಂದು ದೊಡ್ಡ ಪಾತ್ರೆ. ಆಗಾಗ ಮಲಗಿದಲ್ಲಿಂದಲೇ ಸೌಟಿನಿಂದ ಪಾತ್ರೆಗೆ ಟಣ್ ಎಂದು ಬಡಿಯುವರು. ಹೊರಗೆ ಅಜ್ಜಿ, “ಪಾಪ, ಒಂದೇ ಸಮನೆ ಮಾಡ್ತಿದಾಳೆ” ಎನ್ನುವರು. ಅಮ್ಮ ಸೂರು ನೋಡುತ್ತಾ ಮಲಗಿರುವರು.

ಮೇಡಂ ನಕ್ಕ ರಭಸಕ್ಕೆ ಚಹಾ ಮೇಜಿನ ಮೇಲೆಲ್ಲ ಚೆಲ್ಲಿತು. ಪಕ್ಕದ ಮೇಜಿನ ಲೆಕ್ಕಶಾಸ್ತ್ರದ ಅಧ್ಯಾಪಕರು ಗಾಬರಿಯಿಂದ ತಿರುಗಿ ನೋಡಿದರು. ಇಡೀ ಹಾಳೆಯಲ್ಲಿ ಗೀಟೆಳೆಯಲು ಒಂದು ಸಾಲೂ ಸಿಗಲಿಲ್ಲ. ಇಷ್ಟು ವರ್ಷ ಕಂಠಶೋಷಣೆ ಮಾಡಿಕೊಂಡದ್ದಕ್ಕೆ ಒಂದಾದರೂ ಬಂತಲ್ಲ ಎಂದು ಅವರಿಗೆ ಕಣ್ಣು ತುಂಬಿತು.

ಅದೇ ಹೊತ್ತಿಗೆ ಪ್ರಿನ್ಸಿಪಾಲರು ಒಳಗೆ ಬರಬೇಕೆ? ಕಾಲೇಜಿನ ವಾರ್ಷಿಕ ಸಮಾರಂಭದಲ್ಲಿ ತಂದೆತಾಯಿಗಳ ಮುಂದೆ ಓದಿಸಲು ಸಂಸ್ಕೃತಿಯ ಬಗ್ಗೆ ಒಂದು ಒಳ್ಳೆಯ ಪ್ರಬಂಧ ಬೇಕಿತ್ತು ಮೇಡಂ ಎಂದರು. ಖುಷಿಯ ಭರದಲ್ಲಿ ಮೇಡಂ ಆ ಹಾಳೆಯನ್ನೇ ಕೈಗಿತ್ತರು. ಪ್ರಿನ್ಸಿಪಾಲರು ತಲೆಬರಹ ಓದಿದರು, ಮೊದಲ ಪುಟದ ಜಾಡಿಯವರೆಗೆ ಓದಿದರು, ಪರಂಪರೆ ಅಂದರೆ ಇದು ಎಂದು ತಲೆದೂಗಿದರು. ಎರಡನೆಯ ಪುಟ ತಿರುಗಿಸುವಷ್ಟು ಪುರುಸೊತ್ತು ಅವರಿಗೆ ಯಾವತ್ತೂ ಇದ್ದದ್ದಿಲ್ಲ. ಸಂಜೆಯೊಳಗೆ ಹುಡುಗಿಯ ಹೆಸರು ಆಮಂತ್ರಣಪತ್ರಿಕೆಯಲ್ಲಿತ್ತು, ಅವಳ ಅಜ್ಜಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ನಿಗದಿಯಾಗಿತ್ತು. ಮೇಡಂ ಅವರ ಮನಸ್ಸಿನ ಮೂಲೆಯಲ್ಲಿ ಏನೋ ಚುಚ್ಚಿದಂತಾಯಿತು. ಆದರೆ ಹೆಮ್ಮೆಯ ಸದ್ದಿನಲ್ಲಿ ಅದು ಕೇಳಿಸಲಿಲ್ಲ.

ಸಮಾರಂಭಕ್ಕೆ ಇನ್ನೂ ಕೆಲವು ದಿನಗಳಿರುವಾಗ, ಮಧ್ಯಾಹ್ನದ ಊಟದ ಬಿಡುವಿನಲ್ಲಿ, ಒಬ್ಬ ಹೆಂಗಸು ಅಧ್ಯಾಪಕರ ಕೊಠಡಿಗೆ ಬಂದರು. ಕೊರಳಲ್ಲಿ ಅಂಚೆ ಕಚೇರಿಯ ಗುರುತಿನ ಚೀಟಿ, ಕೈಯಲ್ಲಿ ಊಟದ ಡಬ್ಬಿ. ಬೆರಳುಗಳಿಗೆ ಮೊಹರಿನ ಮಸಿ. ಕೊನೆಯ ಬೆಂಚಿನ ಹುಡುಗಿಯ ತಾಯಿ ನಾನು ಎಂದರು. ಮಗಳು ಕೋಣೆಯಲ್ಲಿ ಓದಿ ಅಭ್ಯಾಸ ಮಾಡುತ್ತಿದ್ದುದು ಗೋಡೆಯಾಚೆಯಿಂದ ಕೇಳಿಸಿತಂತೆ.

ಅಳುತ್ತಾರೇನೋ ಎಂದು ಮೇಡಂ ಕುರ್ಚಿ ಎಳೆದು ಕೊಟ್ಟರು. ತಾಯಿ ಅಳುವ ಪೈಕಿ ಆಗಿರಲಿಲ್ಲ.

“ನೀವು ಹೆಣ್ಣುಮಕ್ಕಳ ಪರ ಅಂತ ನನ್ನ ಮಗಳು ಹೇಳ್ತಿರ್ತಾಳೆ.”

ಹೌದು ಎಂದರು ಮೇಡಂ.

“ಮತ್ತೆ ನನ್ನ ರಜ ಯಾಕೆ ಕಿತ್ಕೋತಿದೀರಿ?”

ತಾಯಿ ಡಬ್ಬಿ ಬಿಚ್ಚಿ, ಊಟ ಮಾಡುತ್ತಲೇ ಮಾತಾಡಿದರು. ಬಿಡುವು ಮುಗಿದರೆ ಕೌಂಟರಿನಲ್ಲಿ ಜನ ಬೊಬ್ಬೆ ಹಾಕುತ್ತಾರೆ, ಅದಕ್ಕೆ ಮುಜುಗರ ಪಡಲು ಸಮಯವಿಲ್ಲ ಎಂದರು. ಕಚೇರಿಯಲ್ಲಿ ಅವರಿಗೆ ಸಿಗುವ ರಜಗಳು ಮಗಳ ಜ್ವರಕ್ಕೆ, ಅತ್ತೆಯ ಕಣ್ಣಿನ ಆಪರೇಷನ್ನಿಗೆ, ನಾದಿನಿಯರ ಬಾಣಂತನಕ್ಕೆ ಸಂದುಹೋಗುತ್ತಿದ್ದವು. ಮನೆಯಲ್ಲಿ ಕೂತರೆ ಕೂತದ್ದಕ್ಕೆ ಕಾರಣ ಕೇಳುವವರೇ ಎಲ್ಲರೂ. ಮೈ ಸರಿಯಿಲ್ಲವಾ? ಏನಾದ್ರೂ ಬೇಜಾರಾ? ಸ್ವಲ್ಪ ಚಹಾ ಮಾಡ್ತೀಯಾ? ಮೊದಮೊದಲು ಉಪ್ಪಿನಕಾಯಿಯನ್ನು ನಿಜವಾಗಿಯೇ ಹಾಕುತ್ತಿದ್ದರು. ಒಂದು ವರ್ಷ ಸೊಂಟ ಹಿಡಿದುಕೊಂಡಿತು. ನಿಂಬೆಹಣ್ಣು ಹೆಚ್ಚಲು ಆಗದೆ ದೂರದ ಬೀದಿಯ ಅಂಗಡಿಯಿಂದ ಬಾಟಲಿ ತಂದು ಸುರಿದುಬಿಟ್ಟರು. ಈ ಸಲದಷ್ಟು ಚೆನ್ನಾಗಿ ಯಾವತ್ತೂ ಆಗಿರಲಿಲ್ಲ ಎಂದು ನಾದಿನಿಯರೆಲ್ಲ ಬಾಯಿ ಚಪ್ಪರಿಸಿದರು. ಅಷ್ಟು ವರ್ಷ ಕೈ ಉರಿಸಿಕೊಂಡದ್ದಕ್ಕೆ ಸಿಟ್ಟು ಬಂತು. ಆಮೇಲೆ, ಮುಚ್ಚಿದ ಬಾಗಿಲ ಹಿಂದೆ ತನಗೆ ಎರಡು ದಿನ ಉಳಿದಿದೆಯಲ್ಲ ಎಂದು ಹೊಳೆಯಿತು.

“ನಾನು ಅಲ್ಲಿ ಏನೂ ಮಾಡಲ್ಲ. ಪೇಪರ್ ಕೂಡ ಓದಲ್ಲ. ಯಾರೂ ನನ್ನ ಕೂಗಲ್ಲ, ಅಷ್ಟೇ. ಇವಳು ಅದನ್ನ ಮೈಕಲ್ಲಿ ಓದಿಬಿಟ್ಟರೆ ಮುಂದಿನ ವರ್ಷ ನಾದಿನೀರು ನನ್ನ ಪಕ್ಕದಲ್ಲೇ ಕೂತು ನಿಂಬೆಹಣ್ಣು ಎಣಿಸಿ ಕೊಡ್ತಾರೆ.”

ಪರಂಪರೆ ಎನ್ನುವುದರ ಟೊಳ್ಳುತನ ಎಲ್ಲರಿಗೂ ಗೊತ್ತಾಗಲಿ ಎಂದು ಮೇಡಂ ಸಮಾಧಾನ ಹೇಳಲು ಹೋದರು. ಗೊತ್ತಾಗಿ ಯಾರಿಗೆ ಏನು ಲಾಭ, ಟೊಳ್ಳು ಇದ್ದದ್ದರಿಂದಲೇ ನಾನು ಅದರೊಳಗೆ ಮಲಗಲಿಕ್ಕೆ ಆಗಿದ್ದು ಎಂದರು ತಾಯಿ. ಡಬ್ಬಿ ಮುಚ್ಚಿ, ಮಸಿಯ ಬೆರಳು ಒರೆಸಿಕೊಂಡು ಹೊರಟುಹೋದರು.

ಮೇಡಂ ನೇರ ಪ್ರಿನ್ಸಿಪಾಲರ ಕೋಣೆಗೆ ಹೋಗಿ, ಆ ಪ್ರಬಂಧ ಬೇಡ, ಬೇರೆ ಕೊಡುತ್ತೇನೆ ಎಂದರು. ಪ್ರಿನ್ಸಿಪಾಲರು ಅಚ್ಚಾದ ಆಮಂತ್ರಣಪತ್ರಿಕೆಯ ಕಟ್ಟು ತೋರಿಸಿದರು. ಹುಡುಗಿಯ ಅಜ್ಜಿ ಆಗಲೇ ಫೋನು ಮಾಡಿ, ತಮ್ಮ ಹೆಣ್ಣುಮಕ್ಕಳನ್ನೂ ಕರೆತರಬಹುದೇ ಎಂದು ಕೇಳಿದ್ದರಂತೆ. ಪ್ರಿನ್ಸಿಪಾಲರು ಕುರ್ಚಿಗಳನ್ನು ಹೆಚ್ಚಿಸಿದ್ದರು. ಅಂಥಾದ್ದೇನು ತೊಂದರೆ ಇದೆ ಅದರಲ್ಲಿ ಎಂದು ಕೇಳಿದರು. ತೊಂದರೆ ಏನೆಂದು ಹೇಳಿದರೆ ಗುಟ್ಟು ರಟ್ಟಾದಂತೆಯೇ. ಮೇಡಂ ಹಲ್ಲು ಕಚ್ಚಿಕೊಂಡು ಏನಿಲ್ಲ ಸರ್ ಎಂದು ಎದ್ದರು.

ಸಂಜೆ ಮನೆಯಲ್ಲಿ ಗಂಡ ಚಮಚ ಹಿಡಿದು ನಿಂತಿದ್ದರು. ಆ ದಿನ ಟೊಮೆಟೊ ಸೂಪು. ಸಿಂಕಿನಲ್ಲಿ ಪಾತ್ರೆಗಳು ಒಂದರ ಮೇಲೊಂದು ಕೂತು ನಲ್ಲಿಯನ್ನೇ ಮುಟ್ಟುತ್ತಿದ್ದವು. ಯಾರ ಹತ್ತಿರವಾದರೂ ಹೇಳಿಕೊಳ್ಳದಿದ್ದರೆ ತಲೆ ಒಡೆದುಹೋಗುತ್ತದೆ ಅನ್ನಿಸಿ ಮೇಡಂ, ಯಾರ ಮನೆ ಎಂದು ಹೇಳದೆ, ಸಂಗತಿಯನ್ನಷ್ಟೇ ಹೇಳಿದರು. ಗಂಡ ಬಹಳ ಸಹಾನುಭೂತಿಯಿಂದ ಕೇಳಿಸಿಕೊಂಡರು.

“ಪಾಪ. ಆಕೆ ಗಂಡನಿಗೆ ಒಂದು ಮಾತು ಹೇಳಬಹುದಿತ್ತಲ್ಲ. ಅವನೂ ಒಳಗೆ ಬಂದು ಜೊತೇಲಿ ಕೂತ್ಕೊಂಡು ಸಹಾಯ ಮಾಡ್ತಿದ್ದ.”

ಮೇಡಂ ಅವರನ್ನೊಮ್ಮೆ ನೋಡಿದರು, ಸೂಪನ್ನೊಮ್ಮೆ ನೋಡಿದರು. ಚೆನ್ನಾಗಿದೆ ರೀ ಎಂದು ಹೇಳಿ ನಲ್ಲಿ ತಿರುಗಿಸಿದರು. ಆ ತಾಯಿಗೆ ಬಾಗಿಲು ಯಾಕೆ ಬೇಕಾಯಿತೆಂದು, ಮಧ್ಯಾಹ್ನ ಅರ್ಥವಾಗದೆ ಉಳಿದಿದ್ದ ಅಷ್ಟಿಷ್ಟೂ ಅಲ್ಲೇ ಅರ್ಥವಾಯಿತು.

ಮರುದಿನ ಮೇಡಂ ತಾಯಿ ಮಗಳಿಬ್ಬರನ್ನೂ ಖಾಲಿ ತರಗತಿಯೊಂದರಲ್ಲಿ ಕೂರಿಸಿಕೊಂಡರು. ಹುಡುಗಿ ಇಷ್ಟು ಹಟಮಾರಿಯೆಂದು ಯಾರಿಗೆ ಗೊತ್ತಿತ್ತು? ಡೆಸ್ಕನ್ನು ಉಗುರಿನಿಂದ ಕೆರೆಯುತ್ತಾ ಕೂತವಳು, ಬೇರೆ ಬರೆಯುವುದಿಲ್ಲ ಎಂದುಬಿಟ್ಟಳು.

“ಸುಳ್ಳು ಬರೆಯೋದಾದರೆ ನನಗೆ ಮೊದಲೇ ಬರ್ತಿತ್ತಲ್ಲ ಮೇಡಂ. ಬೇಡ ಅಂದವರು ನೀವೇ.”

ಮೇಡಂ ಅವರಿಗೆ ತಮ್ಮ ಮಾತೇ ತಮಗೆ ಕಹಿಯಾಯಿತು. ಅಮ್ಮನಿಗೆ ಕಷ್ಟವಾಗುತ್ತದಲ್ಲ ಎಂದು ಕೇಳಿದರು. ಆಗ ಹುಡುಗಿಯ ಹೊಟ್ಟೆಯಲ್ಲಿದ್ದದ್ದು ಹೊರಗೆ ಬಂತು. ಮುಂದಿನ ಸಲದಿಂದ ಉಪ್ಪಿನಕಾಯಿಯನ್ನು ನೀನು ಕಲಿಯಬೇಕು, ನಿನ್ನ ಅಮ್ಮನ ಕೈ ನಿನಗೆ ಬರಬೇಕು ಎಂದು ಸೋದರತ್ತೆಯರೆಲ್ಲ ಗಂಟುಬಿದ್ದಿದ್ದರಂತೆ. ಇಲ್ಲದ ಕೈಯನ್ನು ತಾನು ಎಲ್ಲಿಂದ ತರಲಿ? ಗುಟ್ಟು ಒಡೆದರೆ ಆ ಕಾಟ ತನಗೆ ತಪ್ಪುತ್ತದೆ. ಆಮೇಲೆ ಅಮ್ಮನ ಕಡೆ ತಿರುಗದೆಯೇ ಹೇಳಿದಳು.

“ನನಗಾದ್ರೂ ಹೇಳಬಹುದಿತ್ತು. ಚಿಕ್ಕೋಳಿದ್ದಾಗಿಂದ ಆ ಎರಡು ದಿನ ನಾನೂ ಬಾಗಿಲ ಹೊರಗೇ ಕೂತಿರ್ತಿದ್ದೆ.”

“ಹೇಳಿದ್ದರೆ ನೀನು ಪಾಪ ಅಂದ್ಕೊಂಡು ಒಳಗೆ ಬರ್ತಿದ್ದೆ,” ಎಂದರು ತಾಯಿ. “ಕಾಲು ಒತ್ತಲಾ ಅಮ್ಮ ಅಂತಿದ್ದೆ. ನೀನು ಅಳ್ತೀಯೇನೋ ಅಂತ ನಾನು ಎದ್ದು ಕೂರಬೇಕಿತ್ತು. ನನಗೆ ಆಗ ಯಾರೂ ಬೇಕಿರಲಿಲ್ಲ ಕಣೇ. ನೀನೂ ಬೇಕಿರಲಿಲ್ಲ.”

ಇಂಥ ಮಾತನ್ನು ತಾಯಿಯೊಬ್ಬಳ ಬಾಯಲ್ಲಿ ಕೇಳಿದ ಮೇಲೆ ಯಾರಾದರೂ ಅಳುತ್ತಾರೆ ಎಂದು ಮೇಡಂ ಕಾದರು. ಹುಡುಗಿ ಸ್ವಲ್ಪ ಹೊತ್ತು ಡೆಸ್ಕು ಕೆರೆದಳು. ಆಮೇಲೆ ಕೇಳಿದಳು, “ಸೌಟು ಬಡೀತಿದ್ಯಲ್ಲ, ಮಲಗಿದಲ್ಲೇ ನಿದ್ದೆ ಬಂದ್ರೆ?”

“ಒಂದ್ಸಲ ಬಂದಿತ್ತು. ನಿಮ್ಮಜ್ಜಿ ಬಾಗಿಲು ತಟ್ಟಿದ್ರು. ಈಗ ಸದ್ದು ಮಾಡಬಾರದು, ಉಪ್ಪು ಇಳೀತಿದೆ ಅಂದೆ.”

ಮಗಳು ಫಕ್ಕನೆ ನಕ್ಕಳು. ತಾಯಿ ನಗಲಿಲ್ಲ, ಗಡಿಯಾರ ನೋಡಿಕೊಂಡರು.

“ಅತ್ತೆಯಂದಿರ ಚಿಂತೆ ಬಿಡು. ಮುಂದಿನ ಸಲ ಇವಳಿಗೂ ಕಲಿಸ್ತೀನಿ ಅಂತ ನಾನೇ ಹೇಳ್ತೀನಿ. ನಿನಗೊಂದು ಚಾಪೆ ಹಾಸಿದರಾಯ್ತು. ಆದರೆ ಒಳಗೆ ಮಾತಾಡೋ ಹಾಗಿಲ್ಲ.”

ಹುಡುಗಿ ಡೆಸ್ಕು ಕೆರೆಯುವುದನ್ನು ನಿಲ್ಲಿಸಿದಳು. ಹಾಗಾದರೆ ಮೈಕಿನಲ್ಲಿ ಏನು ಓದಲಿ, ಸುಳ್ಳನ್ನಂತೂ ಓದುವುದಿಲ್ಲ ಎಂದಳು. ಕೂದಲು ಕಿತ್ತುಕೊಳ್ಳುವಂತಾಗಿದ್ದ ಮೇಡಂ ಹಾಳೆಯನ್ನು ಮುಂದೆ ಹರಡಿದರು. ಬಕೆಟ್ಟಿನ ಮೇಲೆ ಹತ್ತದಿದ್ದರೂ ಬಾಗಿಲ ಹೊರಗೆ ಸಿಗುತ್ತಿದ್ದದ್ದೆಲ್ಲ ಸತ್ಯವೇ ಆಗಿತ್ತು. ಬಾಗಿಲು ಮುಚ್ಚಿದ್ದು ಸತ್ಯ. ಸಾಸಿವೆಯ ವಾಸನೆ ಬಂದದ್ದು ಸತ್ಯ. ಟಣ್ ಎಂದದ್ದೂ, ಅಜ್ಜಿ ಪಾಪ ಎಂದದ್ದೂ ಸತ್ಯ. ಅಡಿಗೆಮನೆಯ ಒಳಗೆ ಹೋಗಿ ನೋಡಿ, ಒಳಗೆ ಹೋಗಿ ನೋಡಿ ಎಂದು ವರ್ಷವಿಡೀ ಅರಚಿಕೊಂಡ ಮೇಡಂ, ಹೊರಗಡೆಯೇ ಕೂತು ಬರಿ ಎಂದು ಈಗ ತಮ್ಮ ಬಾಯಿಂದಲೇ ಹೇಳಬೇಕಾಯಿತು. ತಮ್ಮ ಕೈಗೆ ಬಂದ ಅತ್ಯುತ್ತಮ ಪುಟದ ಮೇಲೆ, ಮೇಲಿನ ಮೂಲೆಯಿಂದ ಕೆಳಗಿನ ಮೂಲೆಯವರೆಗೆ, ತಾವೇ ಗೀಟೆಳೆದರು.

ಸಮಾರಂಭದ ದಿನ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಅಜ್ಜಿ, ಅವರ ಪಕ್ಕದಲ್ಲಿ ಹೆಣ್ಣುಮಕ್ಕಳು, ಕೊನೆಯ ಕುರ್ಚಿಯಲ್ಲಿ ಆ ತಾಯಿ. ಹುಡುಗಿ ಮೈಕಿನ ಮುಂದೆ ನಿಂತು, ನಡುಗದ ದನಿಯಲ್ಲಿ ಓದಿದಳು. ಜಾಡಿ ಬಂತು, ಬಾಗಿಲು ಮುಚ್ಚಿತು. ಸಾಸಿವೆಯ ವಾಸನೆಗೆ ಹೊರಗೆ ಕೂತವರು ಕೆಮ್ಮಿದರು. ಸೌಟಿನ ಸದ್ದು ನಿಂತಾಗ ಮನೆಯವರೆಲ್ಲ ಉಸಿರು ಬಿಗಿಹಿಡಿದರು, ಮತ್ತೆ ಟಣ್ ಎಂದಾಗ ನಿರಾಳವಾದರು. ಎರಡನೆಯ ದಿನ ಸಂಜೆ ಬಾಗಿಲು ತೆರೆಯಿತು. ಅಮ್ಮನ ಮುಖ ತೊಳೆದಿಟ್ಟ ಹಾಗಿತ್ತು. ಅವತ್ತು ಅಮ್ಮ ಯಾರ ಮೇಲೂ ರೇಗಲಿಲ್ಲ. ಅಲ್ಲಿಗೆ ನಿಲ್ಲಿಸಿದಳು.

ಚಪ್ಪಾಳೆಯೋ ಚಪ್ಪಾಳೆ. ಅಜ್ಜಿ ಕಣ್ಣೊರೆಸಿಕೊಂಡರು. ಸದ್ಯ ಮುಗಿಯಿತು ಎಂದು ಮೇಡಂ ಏಳಬೇಕು ಅನ್ನುವಷ್ಟರಲ್ಲಿ ಪ್ರಿನ್ಸಿಪಾಲರು ಮೈಕು ಕೈಗೆ ತೆಗೆದುಕೊಂಡರು. ಕಾರ್ಯಕ್ರಮಪಟ್ಟಿಯಲ್ಲಿ ಇಲ್ಲದ್ದೊಂದು ಅವರಿಗೆ ಯಾವತ್ತೂ ಆ ಕ್ಷಣದಲ್ಲೇ ಹೊಳೆಯುತ್ತದೆ. ಈ ಮಹಾತಾಯಿಯೇ ವೇದಿಕೆಗೆ ಬಂದು ಆ ಉಪ್ಪಿನಕಾಯಿ ಮಾಡುವ ವಿಧಾನವನ್ನು ಎಲ್ಲರಿಗೂ ತಿಳಿಸಿಕೊಡಬೇಕು ಎಂದು ಕೇಳಿಕೊಂಡರು. ಮೇಡಂ ಅವರಿಗೆ ಆ ಮೈಕಿನ ತಂತಿಯನ್ನು ಹಲ್ಲಿನಿಂದ ಕಚ್ಚಿ ತುಂಡರಿಸುವಷ್ಟು ಸಿಟ್ಟು ಬಂತು.

ತಾಯಿ ಎದ್ದರು. ಅಂಚೆ ಕಚೇರಿಯ ಕೌಂಟರಿನಲ್ಲಿ ಸಾಲು ದೊಡ್ಡದಾದಾಗ ಮಾತಾಡುವ ದನಿಯಲ್ಲಿ ಮಾತಾಡಿದರು.

“ಉಪ್ಪು, ಖಾರ, ನಿಂಬೆಹಣ್ಣು ಎಲ್ಲರ ಮನೇಲೂ ಒಂದೇ. ಅದರಲ್ಲೇನೂ ಇಲ್ಲ. ಮುಖ್ಯ ಏನಂದ್ರೆ, ಬಾಗಿಲು ಹಾಕ್ಕೋಬೇಕು. ಎರಡು ದಿನ ಯಾರೂ ಕರೀಬಾರದು. ನೀರು ಕೊಡು, ಸಾಕ್ಸ್ ಎಲ್ಲಿ, ರಾತ್ರಿಗೇನು ಅಂತ ಕೇಳಬಾರದು. ಮನೆಯವರ ಊಟ ಅವರೇ ನೋಡ್ಕೋಬೇಕು, ತಟ್ಟೆನೂ ಅವರೇ ತೊಳೀಬೇಕು. ಮಧ್ಯದಲ್ಲಿ ಒಂದು ಸಲ ಕರೆದ್ರೂ ಕೆಟ್ಟುಹೋಗುತ್ತೆ.”

ಹಿಂದಿನ ಸಾಲಿನಿಂದ ಹೆಂಗಸೊಬ್ಬರು ಎದ್ದು, ಎರಡೇ ದಿನ ಸಾಕಾ, ಮೂರು ಬೇಕಾಗುತ್ತಾ ಎಂದು ಕೇಳಿದರು. ಹಣ್ಣು ನೋಡಿಕೊಂಡು ಹೇಳಬೇಕು ಎಂದರು ತಾಯಿ. ಅಲ್ಲಲ್ಲಿ ಕಿಸಕ್ಕೆಂದ ಸದ್ದು. ಹಿರಿಯ ನಾದಿನಿ ಪಕ್ಕದವರಿಗೆ ಕೇಳಿಸುವಂತೆ, ಅದಕ್ಕೇ ನಮ್ಮ ಮನೇಲಿ ಹಾಕಿದ್ದು ನಿಲ್ಲೋದೇ ಇಲ್ಲ, ನಮ್ಮನ್ನ ಸುಮ್ಮನೆ ಬಿಡೋರು ಯಾರು ಎಂದು ಗೊಣಗಿದರು. ನಮ್ಮ ಮನೆಯಲ್ಲಿ ಆ ಎರಡು ದಿನ ಬಾಗಿಲ ಹತ್ತಿರ ಒಬ್ಬರನ್ನೂ ಸುಳಿಯಲು ಬಿಡುವುದಿಲ್ಲ ಎಂದು ಅಜ್ಜಿ ಹೆಮ್ಮೆಯಿಂದ ಹೇಳಿಕೊಂಡರು. ಇನ್ನು ಮುಂದೆಯೂ ಬಿಡುವುದಿಲ್ಲ ಎಂದು ಸೇರಿಸಿದರು. ಅಷ್ಟು ಜನರ ಮುಂದೆ ಆಡಿದ ಮಾತು ಅದು.

ಹೊರಡುವಾಗ ತಾಯಿ ಮೇಡಂ ಹತ್ತಿರ ಬಂದು ಆ ಎರಡನೆಯ ಪುಟ ಕೊಡಿ ಎಂದರು. ಮೇಡಂ ಅದನ್ನು ಚೀಲದಲ್ಲೇ ಇಟ್ಟುಕೊಂಡಿದ್ದರು, ಕೊಡಲು ಮನಸ್ಸಿರಲಿಲ್ಲ. ಇದರಂಥದ್ದು ನನಗೆ ಇನ್ನೊಂದು ಬರುವುದಿಲ್ಲ ಎಂದರು. ತಾಯಿ ಚಾಚಿದ ಕೈಯನ್ನು ಹಿಂದೆಗೆಯಲಿಲ್ಲ. ಕೊಟ್ಟದ್ದನ್ನು ಅಲ್ಲೇ ಒಮ್ಮೆ ಓದಿ, ಸಣ್ಣದಾಗಿ ಹರಿದು, ಕಸದ ಬುಟ್ಟಿಗೆ ಹಾಕಿದರು. “ಚೆನ್ನಾಗಿ ಬರೆದಿದಾಳೆ,” ಎಂದರು.

ಮೇಡಂ ಆ ರಾತ್ರಿಯೆಲ್ಲ ಮುಖ ಗಂಟಿಕ್ಕಿಕೊಂಡೇ ಇದ್ದರು.

ಸೋಮವಾರದ ತರಗತಿಯಲ್ಲಿ, ಎಂದೂ ಬಾಯಿ ಬಿಡದ ಹುಡುಗನೊಬ್ಬ ಕೈ ಎತ್ತಿದ. ಅವನ ತಾಯಿ ಸಮಾರಂಭದಿಂದ ಬಂದವರೇ, ಈ ವಾರದ ಕೊನೆಯಲ್ಲಿ ಉಪ್ಪಿನಕಾಯಿ ಹಾಕುತ್ತೇನೆ ಎಂದು ಮನೆಯಲ್ಲಿ ಘೋಷಿಸಿದ್ದರಂತೆ.

“ನಮ್ಮನೇಲಿ ಉಪ್ಪಿನಕಾಯಿ ಯಾರೂ ತಿನ್ನೋದೇ ಇಲ್ಲ ಮೇಡಂ. ಆದರೂ ಪ್ರಬಂಧಕ್ಕೆ ಆಗುತ್ತಲ್ಲ. ಕಿಟಕಿಯಿಂದ ನೋಡಿ ಬರೀಲಾ?”

“ಕಿಟಕಿ ಹತ್ತಿರ ಹೋದರೆ ಫೇಲ್ ಮಾಡ್ತೀನಿ,” ಎಂದರು ಮೇಡಂ. “ಎರಡು ದಿನ ಮನೆಯವರಿಗೆಲ್ಲ ಅಡಿಗೆ ನೀನು ಮಾಡು. ಪಾತ್ರೆ ತೊಳಿ. ಅದನ್ನ ಬರಿ.”

ಹುಡುಗ ಬಹಳ ಪ್ರಾಮಾಣಿಕವಾಗಿ ಯೋಚಿಸಿದ.

“ಅಷ್ಟೆಲ್ಲ ಮಾಡ್ತಾ ಕೂತರೆ ಬರೆಯೋಕೆ ಟೈಮ್ ಎಲ್ಲಿ ಸಿಗುತ್ತೆ ಮೇಡಂ?”

ಮೇಡಂ ಪೆನ್ನಿಗೆ ಮುಚ್ಚಳ ಹಾಕಿ, ಎರಡೂ ಕೈಯಲ್ಲಿ ಹಣೆ ಒತ್ತಿಕೊಂಡು, ಗಂಟೆ ಹೊಡೆಯುವವರೆಗೂ ಅವನನ್ನೇ ನೋಡುತ್ತಾ ಕೂತರು.